ಕೆಂಪು ಪೆನ್ನು ಮುಚ್ಚಿಟ್ಟ ಮೇಲೆ ಮಕ್ಕಳು ಬರೆದರು

ತಿಪಟೂರಿನಲ್ಲಿ ನಮ್ಮ ಮನೆ ಹಜಾರದಲ್ಲೇ ನನ್ನ ಟ್ಯೂಷನ್. ಎಂಟರಿಂದ ಹತ್ತನೇ ಕ್ಲಾಸು, ಎಲ್ಲರೂ ಕನ್ನಡ ಮೀಡಿಯಂ, ಇಂಗ್ಲಿಷ್ ಎರಡನೇ ಭಾಷೆ. ಶುರು ಮಾಡಿ ಹನ್ನೊಂದು ವರ್ಷ ಆಯಿತು. ಮೊದಲ ಏಳು ವರ್ಷ ಹೋಂವರ್ಕ್ ಉತ್ತರ ನಾನೇ ಹೇಳಿ ಬರೆಸುತ್ತಿದ್ದೆ. ಶಾಲೆಯಲ್ಲಿ ರೈಟ್ ಮಾರ್ಕು ಬೀಳುತ್ತಿತ್ತು, ಮನೆಯವರಿಗೆ ಖುಷಿ, ನನಗೆ ಫೀಸು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಯನ್ನು ಒಂದಿಷ್ಟು ತಿರುಗಿಸಿ ಕೇಳಿದರೆ ಮಾತ್ರ ಮುಗೀತು, ಪೇಪರ್ ಖಾಲಿ.

ದುಡ್ಡು ಹೋದ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್ ತಂದೆ, ಸುಮಾರು ₹9,000. ಪಾಠದ ಕಥೆಗಳನ್ನು ವಿಡಿಯೋದಲ್ಲಿ ತೋರಿಸಿದರೆ ಸಾಹಿತ್ಯ ತಲೆಗೆ ಹೋಗುತ್ತದೆ ಅಂದುಕೊಂಡೆ. ಮಕ್ಕಳು ಚೆನ್ನಾಗಿ ನೋಡಿದರು. ಒಂದು ಸಾಲೂ ಬರೆಯಲಿಲ್ಲ. ಸಂಜೆ ಆರರಿಂದ ಏಳರ ನಡುವೆ ಕರೆಂಟ್ ಹೋಗುವುದು ಬೇರೆ. ಈಗ ಅದು ಅಟ್ಟದ ಮೇಲಿದೆ. ಆಮೇಲೆ ಗ್ರಾಮರ್ ಹಾಳೆಗಳ ಹುಚ್ಚು. ಜೆರಾಕ್ಸ್ ಅಂಗಡಿಗೆ ತಿಂಗಳಿಗೆ ಸಾವಿರದ ಮೇಲೆ ಕೊಟ್ಟಿದ್ದೇನೆ. ಬಿಟ್ಟ ಸ್ಥಳ ತುಂಬಿಸಿ ಅಂದರೆ ಹತ್ತಕ್ಕೆ ಒಂಬತ್ತು ಸರಿ. ಅದೇ ಹುಡುಗ ಸ್ವಂತವಾಗಿ ಬರೆದರೆ ‘ಹಿ ಈಸ್ ವೆಂಟ್’. ಟ್ಯೂಷನ್ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕಣ್ಣು ತೆರೆಸಿದ್ದು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ. ಹನ್ನೆರಡು ಸಾಲಿನ ಪ್ರಬಂಧ ಬರೆದು ತಂದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಇಪ್ಪತ್ತೈದಕ್ಕೂ ಜಾಸ್ತಿ ತಪ್ಪು ತಿದ್ದಿದೆ. ಮುಂದಿನ ವಾರ ನಾಲ್ಕೇ ಸಾಲು ತಂದಳು. ಯಾಕಮ್ಮ ಅಂದರೆ, “ಕಮ್ಮಿ ಬರೆದರೆ ಕಮ್ಮಿ ತಪ್ಪು ಮಿಸ್” ಅಂದಳು. ಲೆಕ್ಕ ಸರಿಯಾಗಿಯೇ ಇದೆ ಅಲ್ವಾ?

ಅವತ್ತಿಂದ ಒಂದು ಸಲಕ್ಕೆ ಒಂದೇ ಜಾತಿಯ ತಪ್ಪು ತಿದ್ದುವುದು ಅಂತ ತೀರ್ಮಾನ ಮಾಡಿದೆ. ಉಳಿದ ತಪ್ಪು ಕಣ್ಣಿಗೆ ಚುಚ್ಚಿದರೂ ಮುಟ್ಟುವುದಿಲ್ಲ. ಮೊದಲ ಎರಡು ವಾರ ಕ್ರಿಯಾಪದ ಮಾತ್ರ: ‘ಈಸ್ ವೆಂಟ್’, ‘ಡಿಡ್ ವೆಂಟ್’ ಇಂಥವು. ಆಮೇಲಿನ ಎರಡು ವಾರ, ವಾಕ್ಯದಲ್ಲಿ ಯಾರು ಮಾಡಿದ್ದು ಅನ್ನುವುದು. ನಮ್ಮಲ್ಲಿ ‘ಬಂದಳು’ ಅಂದರೆ ಸಾಕು, ಬಂದದ್ದು ಹೆಂಗಸು ಅಂತ ಆ ‘ಳು’ ಹೇಳಿಬಿಡುತ್ತದೆ. ಅದೇ ರೂಢಿಯಲ್ಲಿ ಮಕ್ಕಳು ‘ಕೇಮ್ ಅಂಡ್ ಟೋಲ್ಡ್’ ಅಂತ ಬರೆಯುತ್ತಾರೆ. ಯಾರು ಬಂದರು, ಯಾರು ಹೇಳಿದರು, ದೇವರೇ ಬಲ್ಲ. ಇದು ಸೋಮಾರಿತನ ಅಂತ ಏಳು ವರ್ಷ ಬೈದಿದ್ದೇನೆ, ಪಾಪ. ಐದನೇ ವಾರದಿಂದ ಯಾವ ತಪ್ಪು, ಯಾವುದರ ಹಿಂದೆ ಯಾವುದು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆ ಸಾಲು ಹೊಂದಿಸಲು ಎರಡು ವರ್ಷ ಹಿಡಿದಿದೆ, ಅದು ನನ್ನ ಅನ್ನ.

ಇನ್ನೊಂದು ಭಾಗ ನಮ್ಮತ್ತೆಯದು. ಅವರಿಗೆ ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ. ಮಗು ಪಾಠ ಓದಿದ ಮೇಲೆ ಅಡುಗೆ ಮನೆ ಬಾಗಿಲಲ್ಲಿ ನಿಂತು ಆ ಕಥೆಯನ್ನು ಅವರಿಗೆ ಕನ್ನಡದಲ್ಲಿ ಹೇಳಬೇಕು. ಅವರಿಗೆ ಅರ್ಥವಾದರೆ ಪಾಸು, ಆಮೇಲೆ ಬರೆಯಲು ಕೂರಬಹುದು. ಇದು ಶುರುವಾದದ್ದು ಹತ್ತನೇ ಕ್ಲಾಸಿನಲ್ಲಿದ್ದ ಆರ್. ಕೆ. ನಾರಾಯಣ್ ಅವರ ಕಥೆಯಿಂದ. ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಿದ ಸ್ವಾಮಿ, ದೆವ್ವ ಅಂದುಕೊಂಡು ಕಳ್ಳನ ಕಾಲು ಕಚ್ಚುತ್ತಾನಲ್ಲ, ಅದು. ಗೈಡ್ ಬಾಯಿಪಾಠ ಮಾಡಿದ್ದ ಹುಡುಗ ‘ಧೈರ್ಯದ ಮಹತ್ವ’ ಅಂತ ಏನೋ ಶುರು ಮಾಡಿದ. ಅತ್ತೆ ಒಗ್ಗರಣೆ ಹಾಕುತ್ತಾ, “ಮಹತ್ವ ಇರಲಿ, ಯಾರು ಯಾರನ್ನ ಕಚ್ಚಿದ್ದು ಮೊದಲು ಹೇಳಪ್ಪ” ಅಂದರು. ಅವನಿಗೆ ಗೊತ್ತಿರಲಿಲ್ಲ! ಉತ್ತರ ಪೂರ್ತಿ ಬಾಯಿಗೆ ಬರುತ್ತಿತ್ತು, ಕಥೆಯೇ ಗೊತ್ತಿಲ್ಲ.

ಅತ್ತೆ ಪಾಸು ಮಾಡಿದ ಮೇಲೆ ಐದು ಬೋಳು ವಾಕ್ಯ. ‘ಯಾರು’, ‘ಏನು ಮಾಡಿದ’, ‘ಯಾರನ್ನು’ ಅಂತ ಮೂರು ಚೀಟಿ ನೆಲದ ಮೇಲೆ. ಕನ್ನಡದಲ್ಲಿ ಹೇಳುವಾಗ ‘ಮಾಡಿದ’ ಚೀಟಿ ಕೊನೆಗೆ, ಇಂಗ್ಲಿಷಿಗೆ ಬಂದಾಗ ನಡುವೆ. ಮಕ್ಕಳೇ ಕೈಯಲ್ಲಿ ಎತ್ತಿ ಜಾಗ ಬದಲಿಸಬೇಕು. ಬೋರ್ಡಿನ ಮೇಲೆ ನೂರು ಸಲ ಬರೆದು ತೋರಿಸಿದಾಗ ಆಗದ್ದು ಇದರಲ್ಲಿ ಆಯಿತು. ಖರ್ಚು, ಹಳೇ ಮದುವೆ ಕಾರ್ಡುಗಳು.

ನಂಬಿದವರು ಯಾರೂ ಇರಲಿಲ್ಲ. ಕೊಬ್ಬರಿ ವ್ಯಾಪಾರದ ಒಬ್ಬ ತಂದೆ ನೋಟ್‌ಬುಕ್ ಹಿಡಿದುಕೊಂಡೇ ಬಂದರು. “ಮೇಡಂ, ಸ್ಪೆಲ್ಲಿಂಗ್ ಎಲ್ಲಾ ತಪ್ಪು, ನೀವು ನೋಡೇ ಇಲ್ಲ. ಫೀಸು ಯಾತಕ್ಕೆ ಕೊಡೋದು?” ಎರಡು ತಿಂಗಳಲ್ಲಿ ನಾಲ್ಕು ಮಕ್ಕಳು ಬಿಟ್ಟುಹೋದರು. ಆಗ ತಲೆಗೆ ₹600, ಅಂದರೆ ತಿಂಗಳಿಗೆ ₹2,400 ಕೈಬಿಟ್ಟಿತು. ಪಕ್ಕದ ಬೀದಿಯಲ್ಲಿ ಟ್ಯೂಷನ್ ನಡೆಸುವವರೊಬ್ಬರು “ಅತ್ತೆಗೆ ಇಂಗ್ಲಿಷ್ ಹೇಳಿಕೊಡ್ತಿದ್ದಾರಂತೆ” ಅಂತ ನಕ್ಕರಂತೆ. ನಮ್ಮ ಯಜಮಾನರು ಕೂಡ ಒಂದು ರಾತ್ರಿ ಸುಮ್ನೆ ಹಳೇ ದಾರಿಗೇ ಹೋಗು ಅಂದರು. ಅತ್ತೆ ಒಬ್ಬರೇ ನನ್ನ ಕಡೆ. ಅವರಿಗೆ ದಿನಾ ಹೊಸ ಕಥೆ ಸಿಗುತ್ತಿತ್ತು, ಅದಕ್ಕೂ ಇರಬಹುದು.

ಪದ್ಯದಲ್ಲಿ ಈ ದಾರಿ ಮೊದಲು ಮಗುಚಿ ಬಿತ್ತು. ಶೇಕ್ಸ್‌ಪಿಯರ್ ನಾಟಕದಲ್ಲಿ ಪೋರ್ಷಿಯಾ ವಕೀಲನ ವೇಷದಲ್ಲಿ ದಯೆಯ ಬಗ್ಗೆ ಆಡುವ ಮಾತು ಪದ್ಯವಾಗಿ ಪುಸ್ತಕದಲ್ಲಿತ್ತು. ಅದರಲ್ಲಿ ಅತ್ತೆಗೆ ಹೇಳಲು ಕಥೆಯೇ ಇಲ್ಲ. ಮೂರು ಸಂಜೆ ದಂಡ. ನಾಲ್ಕನೇ ದಿನ ಅತ್ತೆಯೇ ಗೋವಿನ ಹಾಡು ಎತ್ತಿದರು. ಪುಣ್ಯಕೋಟಿಯನ್ನು ತಿನ್ನದೆ ಬಿಟ್ಟ ಹುಲಿ ಗೆದ್ದಿತೋ ಸೋತಿತೋ ಅಂತ ಮಕ್ಕಳಲ್ಲಿ ಜಗಳವೇ ಹತ್ತಿತು. ದಯೆ ಕೊಟ್ಟವರಿಗೂ ಒಳ್ಳೆಯದು, ಪಡೆದವರಿಗೂ ಒಳ್ಳೆಯದು ಅನ್ನುತ್ತಾಳಲ್ಲ ಪೋರ್ಷಿಯಾ, ಆ ಸಾಲಿಗೆ ತಾವೇ ಬಂದು ಸೇರಿದರು. ದಯೆ ಮಳೆಯ ಹಾಗೆ ಬೀಳುತ್ತದೆ ಅನ್ನುವ ಕಡೆ ಒಬ್ಬ, “ಮಳೆ ನಮ್ಮ ತೋಟ, ನಿಮ್ಮ ತೋಟ ಅಂತ ನೋಡಲ್ಲ” ಅಂತ ಇಂಗ್ಲಿಷಿನಲ್ಲಿ ಬರೆದ. ಸ್ಪೆಲ್ಲಿಂಗ್ ತಪ್ಪು ಎರಡಿತ್ತು. ಮುಟ್ಟಲಿಲ್ಲ.

ಪತ್ರ ಬರೆಯುವ ಹೋಂವರ್ಕಿಗೆ ಪೋಸ್ಟ್ ಕಾರ್ಡ್ ಪ್ರಯೋಗ ಮಾಡಿದೆ. ಆಗ ಕಾರ್ಡಿಗೆ ಐವತ್ತು ಪೈಸೆ. ಮೂವತ್ತು ಕಾರ್ಡಿಗೆ ಹದಿನೈದು ರೂಪಾಯಿ, ಆದರೆ ಅಂಚೆ ಕಚೇರಿಗೆ ಎರಡು ಸಲ ಅಲೆದೆ. ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಬರೆದು ನಿಜವಾಗಿ ಪೋಸ್ಟ್ ಮಾಡಬೇಕು. ಜಾಗ ಕಮ್ಮಿ, ಹಾಗಾಗಿ ಗೈಡಿನ ಉದ್ದುದ್ದ ವಾಕ್ಯ ಹಿಡಿಸುವುದಿಲ್ಲ. ವಿಳಾಸ ಎಲ್ಲಿ ಬರೆಯಬೇಕು ಅನ್ನುವುದನ್ನು ಒಂದು ಮಗುವೂ ಆಮೇಲೆ ಮರೆಯಲಿಲ್ಲ. ತಮ್ಮ ಹೆಂಚಿನ ಮನೆಗೆ ತನ್ನ ಹೆಸರಿನಲ್ಲಿ ಬಂದ ಮೊದಲ ಕಾಗದ ಅಂತ ಒಬ್ಬಳು ಅದನ್ನು ಗೋಡೆಗೆ ಅಂಟಿಸಿದ್ದಾಳೆ.

ಈಗ ಹೊಸ ತಲೆನೋವು, ಫೋನು. ‘ಗೋ’ ಭೂತಕಾಲಕ್ಕೆ ‘ಗೋಡ್’ ಅಂತ ಬರೆಯುವ ಹುಡುಗ ಒಂದು ದಿನ ಫೋನ್ ನೋಡಿಕೊಂಡು ಪೇಪರಿನವರ ಹಾಗೆ ಇಂಗ್ಲಿಷ್ ಬರೆದು ತಂದ. ನಾನು ಬೈಯಲಿಲ್ಲ. ಹೋಗಿ ಅಜ್ಜಿಗೆ ಹೇಳು ಅಂದೆ. ಎರಡು ನಿಮಿಷ ಬಾಗಿಲಲ್ಲಿ ನಿಂತು ವಾಪಸ್ ಬಂದು, “ಮಿಸ್, ನಾನೇ ಬರೀತೀನಿ” ಅಂದ.

ಅಂಕ ಕೇಳುವವರಿಗೆ, ಲಿಖಿತ ಪರೀಕ್ಷೆ 80ಕ್ಕೆ. ಮೊದಲು ನನ್ನ ಹತ್ತನೇ ಕ್ಲಾಸಿನವರು ಹೆಚ್ಚು ಕಮ್ಮಿ 40ರ ಸುತ್ತ ಇರುತ್ತಿದ್ದರು. ಈ ದಾರಿ ಹಿಡಿದ ಎರಡನೇ ವರ್ಷ ಹದಿನಾಲ್ಕು ಜನರಲ್ಲಿ ಎಂಟೋ ಒಂಬತ್ತೋ ಜನ 60 ದಾಟಿದರು. ಪತ್ರ, ಚಿತ್ರ ವಿವರಣೆ, ಸುಳಿವಿನಿಂದ ಕಥೆ ಬೆಳೆಸುವುದು, ಯಾವುದನ್ನೂ ಯಾರೂ ಖಾಲಿ ಬಿಟ್ಟಿರಲಿಲ್ಲ. ಬಿಟ್ಟುಹೋದ ನಾಲ್ವರಲ್ಲಿ ಇಬ್ಬರು ವಾಪಸ್ ಬಂದರು, ಕೊಬ್ಬರಿಯವರ ಮಗನೂ ಸೇರಿ. ಫೀಸು ₹800 ಮಾಡಿದ್ದೇನೆ. ಕೊಬ್ಬರಿ ರೇಟು ಏರಿದಾಗ ಬೇಗ ಬರುತ್ತದೆ, ಇಳಿದಾಗ ಕಾಯುತ್ತೇನೆ. ಪಕ್ಕದ ಬೀದಿಯವರು ಈಗ ಕೆಂಪು ಪೆನ್ನು ಕಮ್ಮಿ ಮಾಡಿದ್ದಾರೆ ಅಂತ ಸುದ್ದಿ. ಆದರೆ ನಮ್ಮತ್ತೆಯಂಥವರು ಅವರಿಗೆ ಎಲ್ಲಿಂದ ಸಿಗಬೇಕು?

ಸೋತಿರುವುದು ಒಂದರಲ್ಲಿ: ‘ಎ’, ‘ಆನ್’, ‘ದಿ’. ಕನ್ನಡದಲ್ಲಿ ಅಂಥದ್ದೇ ಇಲ್ಲ, ಚೀಟಿಯಲ್ಲಿ ಯಾವ ಜಾಗಕ್ಕೆ ಇಡಲಿ? ‘ದಿ’ ಯಾವಾಗ ಬೇಕು ಅಂತ ಮಕ್ಕಳಿಗೆ ತಲೆಗೆ ಹೋಗುವ ಹಾಗೆ ಹೇಳಿಕೊಟ್ಟವರು ನಿಮ್ಮಲ್ಲಿ ಯಾರಾದರೂ ಇದ್ದರೆ ಹೇಳಿ. ಬದಲಿಗೆ ಐದನೇ ವಾರದ ತಪ್ಪು ಯಾವುದು ಅಂತ ನಾನು ಹೇಳುತ್ತೇನೆ.