ನಿದ್ದೆ ಬರುತ್ತಾ ಅಂತ ಜೈಲಿನಲ್ಲಿ ಕೇಳುವಾಗ

ಮನಶ್ಶಾಸ್ತ್ರದಲ್ಲಿ ಪದವಿ ಮುಗಿಸಿ ಜೈಲಿನ ಮಾನಸಿಕ ಆರೋಗ್ಯ ತಂಡಕ್ಕೆ ಸೇರಿದೆ. ಹೊಸದಾಗಿ ಬಂದ ಕೈದಿಗಳನ್ನು ಮಾತಾಡಿಸಿ ಅಪಾಯ ಅಂದಾಜು ಮಾಡುವುದು, ಖಿನ್ನತೆ, ಆತಂಕ ಇರುವವರ ಜೊತೆ ಕೆಲವು ವಾರ ಕೂತು ಮಾತಾಡುವುದು, ಹಿರಿಯರಿಗೆ ಟಿಪ್ಪಣಿ ಬರೆದುಕೊಡುವುದು ನನ್ನ ಕೆಲಸ. ರೋಗನಿರ್ಣಯವೂ ಔಷಧಿಯೂ ಮನೋವೈದ್ಯರದು. ಇದನ್ನು ಕೂತ ಕೂಡಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಳಗಿರುವವರಲ್ಲಿ ಎಷ್ಟೋ ಜನ ಮೊದಲು ಕೇಳುವುದೇ ಮಾತ್ರೆ. ನಿಜವಾಗಿ ಬೇಕಾದವರು ಇರುತ್ತಾರೆ. ಒಳಗೆ ಮಾತ್ರೆಗೆ ಬೆಲೆ ಇದೆ ಎಂದು ಗೊತ್ತಿರುವವರೂ ಇರುತ್ತಾರೆ.

ಕಾಲೇಜಿನಿಂದ ಹೊತ್ತು ತಂದ ಸಲಕರಣೆಗಳಲ್ಲಿ ಮೊದಲು ತಿದ್ದಿಕೊಳ್ಳಬೇಕಾದದ್ದು ಪಿಎಚ್‌ಕ್ಯೂ-9, ಖಿನ್ನತೆ ಎಷ್ಟಿದೆ ಎಂದು ಅಳೆಯುವ ಪ್ರಶ್ನೆಪಟ್ಟಿ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಹೊರಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಳಗೆ? ನಿದ್ದೆ ಸರಿಯಿಲ್ಲ ಎನ್ನುತ್ತಾನೆ. ರಾತ್ರಿಯಿಡೀ ದೀಪ ಆರಿಸಿಲ್ಲ. ಊಟ ಸೇರುತ್ತಿಲ್ಲ ಎನ್ನುತ್ತಾನೆ. ಊಟದ ಹೊತ್ತು ಅವನ ಹಸಿವಿನದಲ್ಲ, ಜೈಲಿನದು. ಯಾವುದರಲ್ಲೂ ಆಸಕ್ತಿ ಇಲ್ಲ ಎನ್ನುತ್ತಾನೆ. ಇಡೀ ದಿನ ಮಾಡಲು ಏನಾದರೂ ಇದ್ದರಲ್ಲವೇ? ಹೀಗೆ ಕೂಡಿದರೆ 12 ಬರುತ್ತದೆ, ಅದರಲ್ಲಿ ಅರ್ಧ ಕಟ್ಟಡದ್ದೇ ಅಂಕ.

ಹಾಗಂತ ಪಟ್ಟಿಯನ್ನು ಬಿಸಾಡುವುದಿಲ್ಲ. ಅದನ್ನು ಮುಗಿಸಿ ನನ್ನ ಪ್ರಶ್ನೆಗಳಿಗೆ ಬರುತ್ತೇನೆ. ‘ಬ್ಯಾರಕ್‌ನಲ್ಲಿ ಎಲ್ಲರೂ ಮಲಗಿದ ಮೇಲೂ ನೀವೊಬ್ಬರೇ ಎದ್ದಿರ್ತೀರಾ?’ ‘ಅಂಗಳಕ್ಕೆ ಬಿಟ್ಟಾಗ ಹೋಗ್ತೀರಾ, ಒಳಗೇ ಇರ್ತೀರಾ?’ ‘ಮನೆಯವರು ನೋಡೋಕೆ ಬಂದರೆ ಹೋಗಿ ಮಾತಾಡ್ತೀರಾ?’ ಮನೆಯವರು ಬಂದರೂ ಭೇಟಿಗೆ ಹೋಗದವನ ಉತ್ತರ ನನಗೆ ಹತ್ತು ಅಂಕಕ್ಕಿಂತ ಹೆಚ್ಚು ಹೇಳುತ್ತದೆ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ಅಂಕಕ್ಕೆ ಬಿಡುವುದೇ ಇಲ್ಲ, ನೇರವಾಗಿ ಕೇಳುತ್ತೇನೆ. ಕೇಳಿದರೆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎನ್ನುವುದು ಹಳೆಯ ಭಯ. ಅದಕ್ಕೆ ಆಧಾರ ಇಲ್ಲ.

ಬಂದ ಮೊದಲ ದಿನಗಳು ಹೆಚ್ಚು ಅಪಾಯದವು. ಆಮೇಲೆ ಜಾಮೀನು ತಿರಸ್ಕಾರವಾದ ದಿನ, ಶಿಕ್ಷೆ ಪ್ರಕಟವಾದ ದಿನ, ಮನೆಯಿಂದ ಕೆಟ್ಟ ಸುದ್ದಿ ಬಂದ ದಿನ. ಇದರ ಸುಳಿವು ನನಗಿಂತ ಮೊದಲು ವಾರ್ಡರ್‌ಗೆ ಸಿಗುತ್ತದೆ. ‘ಇವತ್ತು ತನ್ನ ಸೋಪು, ಟವೆಲ್ ಪಕ್ಕದವನಿಗೆ ಕೊಟ್ಟ ನೋಡಿ ಮೇಡಂ’ ಎಂದು ಒಬ್ಬ ವಾರ್ಡರ್ ಮಾತಿನ ಮಧ್ಯೆ ಹೇಳಿದ್ದರಿಂದಲೇ ಆ ದಿನ ಒಬ್ಬರನ್ನು ಸರದಿ ಬಿಟ್ಟು ಮೊದಲು ಕರೆಸಿದೆ. ವಾರ್ಡರ್ ಜೊತೆ ನಿಂತು ಎರಡು ಮಾತಾಡುವುದು ಕಾಲಹರಣ ಅಲ್ಲ.

ಫಝೆಲ್ ಮತ್ತು ಡ್ಯಾನೆಶ್ ಎಂಬ ಸಂಶೋಧಕರು 2002ರಲ್ಲಿ 12 ದೇಶಗಳ 62 ಸಮೀಕ್ಷೆಗಳನ್ನು ಒಟ್ಟಿಗೆ ನೋಡಿ, ಏಳು ಕೈದಿಗಳಲ್ಲಿ ಸುಮಾರು ಒಬ್ಬರಿಗೆ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಅಥವಾ ತೀವ್ರ ಖಿನ್ನತೆ ಇರುತ್ತದೆ ಎಂದು ಅಂದಾಜಿಸಿದರು. ಆ ಒಬ್ಬ ಯಾರು ಎನ್ನುವುದೇ ತಲೆನೋವು. ಕೂಗಾಡುವವನನ್ನು ಎಲ್ಲರೂ ನಮ್ಮ ಬಳಿ ಕಳಿಸುತ್ತಾರೆ. ಮೂಲೆ ಹಿಡಿದು ಕೂತವನು ‘ಒಳ್ಳೆ ಕೈದಿ’, ಯಾರಿಗೂ ತೊಂದರೆ ಇಲ್ಲ, ಹಾಗಾಗಿ ಯಾರೂ ಕಳಿಸುವುದಿಲ್ಲ.

ಗೋಪ್ಯತೆಯ ಮಾತನ್ನು ಅವರು ಬಾಯಿ ಬಿಡುವ ಮೊದಲೇ ಆಡಬೇಕು: ‘ನೀವು ಹೇಳಿದ್ದು ಆರೋಗ್ಯ ತಂಡದಲ್ಲೇ ಇರುತ್ತೆ. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯ ಅನ್ನಿಸಿದರೆ, ಇಲ್ಲವೇ ತಪ್ಪಿಸಿಕೊಳ್ಳೋ ಮಾತು ಬಂದರೆ, ನಾನು ಹೇಳಲೇಬೇಕು.’ ಇನ್ನೊಂದು ಕಡೆಯಿಂದಲೂ ಎಳೆತ ಇರುತ್ತದೆ. ‘ಇವನನ್ನು ಒಂಟಿ ಸೆಲ್‌ಗೆ ಹಾಕಬಹುದು ಅಂತ ಬರೆದುಕೊಡಿ’ ಎಂದು ಅಧಿಕಾರಿಗಳು ಕೇಳಿದ್ದುಂಟು. ನಾನು ಬರೆದುಕೊಡುವುದಿಲ್ಲ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ 46ನೇ ನಿಯಮ ಹೇಳುವುದೂ ಇದನ್ನೇ: ಶಿಸ್ತುಕ್ರಮ ವಿಧಿಸುವುದರಲ್ಲಿ ಆರೋಗ್ಯ ಸಿಬ್ಬಂದಿಗೆ ಯಾವ ಪಾತ್ರವೂ ಇರಬಾರದು. ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಒಂಟಿಯಾಗಿಡುವುದು ಸತತ 15 ದಿನ ದಾಟಬಾರದು ಎನ್ನುವುದೂ ಅದರಲ್ಲಿದೆ. ಒಂಟಿ ಸೆಲ್‌ನಲ್ಲಿ ಅವರ ಸ್ಥಿತಿ ಕೆಡುತ್ತಿದ್ದರೆ ಅದನ್ನು ಮಾತ್ರ ಬರೆದು ವೈದ್ಯರ ಮೂಲಕ ಕಳಿಸುತ್ತೇನೆ.

ಚಿಕಿತ್ಸೆಯ ಪಾಠಗಳೂ ಒಳಗೆ ಬಂದು ರೂಪ ಬದಲಿಸಿದವು. ‘ಕಣ್ಣು ಮುಚ್ಚಿ, ಮೈ ಸಡಿಲ ಬಿಡಿ’ ಎಂದರೆ ಯಾರೂ ಮುಚ್ಚುವುದಿಲ್ಲ. ಬಹಳ ಜನರ ನಡುವೆ ಬದುಕುವವನಿಗೆ ಕಣ್ಣು ಮುಚ್ಚುವುದು ಅಪಾಯ. ಈಗ ಕಣ್ಣು ತೆರೆದೇ, ಬಾಗಿಲು ಕಾಣುವ ಹಾಗೆ ಕೂರಿಸಿ, ಪಾದ ನೆಲಕ್ಕೆ ಒತ್ತಿ, ಉಸಿರನ್ನು ನಿಧಾನವಾಗಿ ಹೊರಬಿಡಲು ಹೇಳುತ್ತೇನೆ. ಹತ್ತಿರದವರಿಗೂ ಗೊತ್ತಾಗದಂತೆ ಸಾಲಿನಲ್ಲಿ ನಿಂತೇ ಮಾಡಬಹುದು. ಯೋಚನೆಗಳ ಡೈರಿ ಬರೆಸುವುದನ್ನು ಪೂರ್ತಿ ಬಿಟ್ಟೆ. ಬರೆದ ಹಾಳೆ ತಪಾಸಣೆಯಲ್ಲಿ ಸಿಗುತ್ತದೆ, ಪಕ್ಕದವರ ಕೈಗೂ ಸಿಗುತ್ತದೆ. ಸಿಟ್ಟು ಬಂದ ಒಂದು ಗಳಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬನ್ನಿ, ಇಲ್ಲಿ ಕೂತು ಬಿಡಿಸೋಣ ಎನ್ನುತ್ತೇನೆ.

ಮುಂದಿನ ವಾರ ಅವರು ಇಲ್ಲೇ ಇರುತ್ತಾರೆ ಎನ್ನುವ ಭರವಸೆ ಇಲ್ಲ. ಬೇರೆ ಜೈಲಿಗೆ ವರ್ಗ ಆಗಬಹುದು, ಕೋರ್ಟಿನಿಂದಲೇ ಮನೆಗೆ ಹೋಗಬಹುದು. ಅದಕ್ಕೇ ಪ್ರತಿ ಭೇಟಿಯ ಟಿಪ್ಪಣಿಯ ಕೊನೆಗೆ, ಬೇರೆ ಯಾರೇ ಓದಿದರೂ ಮುಂದುವರಿಸುವ ಹಾಗೆ ನಾಲ್ಕು ಸಾಲು ಬರೆದಿಡುತ್ತೇನೆ. ಅಮಲು ಪದಾರ್ಥದ ಚಟ ಇದ್ದವರಿಗೆ ಇನ್ನೊಂದು ಮಾತನ್ನು ಮೊದಲ ಭೇಟಿಯಲ್ಲೇ ಹೇಳುತ್ತೇನೆ, ಬಿಡುಗಡೆಯ ದಿನಕ್ಕೆ ಕಾಯುವುದಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಬಂದ ಅಧ್ಯಯನದಲ್ಲಿ, ಹೊರಬಂದ ಮೊದಲ ಎರಡು ವಾರದ ಸಾವಿನ ಅಪಾಯ ಸಾಮಾನ್ಯ ಜನರಿಗಿಂತ 12 ಪಟ್ಟು ಮೀರಿತ್ತು. ಮುಖ್ಯ ಕಾರಣ ಓವರ್‌ಡೋಸ್. ‘ಒಳಗೆ ಬರುವ ಮುಂಚೆ ತಗೊಳ್ತಿದ್ದಷ್ಟನ್ನ ಈಗ ನಿಮ್ಮ ಮೈ ತಡೆಯಲ್ಲ’ ಎಂದು ಅಷ್ಟೇ ನೇರವಾಗಿ ಹೇಳುತ್ತೇನೆ.