ಬೆರಳಿಗೆ ಸೂಜಿ ಹೊಕ್ಕರೆ ಮೊದಲು ಪುಸ್ತಕ, ಆಮೇಲೆ ಮನೆ

ಹದಿನಾಲ್ಕು ವರ್ಷ ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಕಾಲರ್ ಹೊಲಿದಿದ್ದೇನೆ. ಎಡಗೈ ತೋರುಬೆರಳಿನ ಉಗುರು ಇವತ್ತಿಗೂ ಸೀಳಾಗಿಯೇ ಬೆಳೆಯುತ್ತದೆ. ಮೊದಲನೇ ಕಂಪನಿ ಸೇರಿ ಎರಡು ತಿಂಗಳಾಗಿತ್ತಷ್ಟೆ. ಸೂಜಿ ಉಗುರಿಗೆ ಹೊಕ್ಕು ಒಳಗೇ ಮುರಿಯಿತು. ಸೂಪರ್‌ವೈಸರ್ ಬಟ್ಟೆ ಸುತ್ತಿ, ‘ಮನೆಗೆ ಹೋಗಮ್ಮ, ವಾರ ರಜೆ ಹಾಕು’ ಎಂದರು. ಸುಮ್ನೆ ಹೋದೆ. ಒಂದು ವಾರದ ಸಂಬಳ ಹೋಯಿತು.

ನೀವು ಹಾಗೆ ಹೋಗಬೇಡಿ. ಮೊದಲು ಕಂಪನಿಯಲ್ಲಿ ಗಾಯಗಳನ್ನು ಬರೆದಿಡುವ ಆಕ್ಸಿಡೆಂಟ್ ಪುಸ್ತಕ ಕೇಳಿ. ನಿಮ್ಮ ಹೆಸರು, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ನಂಬರ್, ದಿನ, ಗಂಟೆ, ಯಾವ ಜಾಗ, ಆಗ ಏನು ಮಾಡುತ್ತಿದ್ದಿರಿ, ಯಾರು ನೋಡಿದರು, ಎಲ್ಲ ಅದರಲ್ಲಿ ಬರಬೇಕು. ಕೈಯಲ್ಲಿ ರಕ್ತ ಸುರಿಯುತ್ತಿದ್ದರೆ ನಿಮ್ಮ ಪರವಾಗಿ ಪಕ್ಕದ ಮಷೀನಿನವರು ಬರೆಸಬಹುದು. ಬರೆದ ಪುಟದ ಫೋಟೋ ತೆಗೆದುಕೊಳ್ಳಿ. ಫ್ಲೋರಿಗೆ ಮೊಬೈಲ್ ಬಿಡುವುದಿಲ್ಲ ಅಲ್ವಾ? ಹಾಗಿದ್ದರೆ ಸಂಜೆಯೇ ಎಚ್‌ಆರ್ ಹತ್ತಿರ ಜೆರಾಕ್ಸ್ ಕೇಳಿ.

ಇಷ್ಟು ಹಟ ಯಾಕೆ ಅಂದರೆ, ದುಡ್ಡಿನ ಲೆಕ್ಕವೇ ಬೇರೆಯಾಗುತ್ತದೆ. ಜ್ವರ ಬಂದು ಮಲಗಿದರೆ ಇಎಸ್‌ಐ ಕೊಡುವುದು ಕೂಲಿಯ 70 ಪರ್ಸೆಂಟ್. ಅದಕ್ಕೂ ಹಿಂದಿನ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಕೆಲಸದಲ್ಲಿ ಆದ ಗಾಯಕ್ಕೆ 90 ಪರ್ಸೆಂಟ್, ಅದೂ ಸೇರಿದ ಮೊದಲ ದಿನವೇ ಆಗಿದ್ದರೂ ಸರಿ. ಗಾಯವಾದ ದಿನ ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಂತೆ ಇರಬೇಕು, ಅಷ್ಟೇ. ಪುಸ್ತಕದಲ್ಲಿ ಏನೂ ಬರೆಸದೆ ರಜೆ ಹಾಕಿದ ನಾನು ಕಾಯಿಲೆಯವಳಾದೆ. 78 ದಿನ ಆಗಿರಲಿಲ್ಲ, ಒಂದು ರೂಪಾಯಿಯೂ ಬರಲಿಲ್ಲ.

ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ನಿಮ್ಮ ಸ್ಲಿಪ್‌ನಲ್ಲಿ ಇಎಸ್‌ಐ ವಂತಿಗೆ ಅಂತ 0.75 ಪರ್ಸೆಂಟ್ ಹಿಡಿದಿರುತ್ತಾರೆ, ನೋಡಿ.

‘ಬೆರಳಿಗೆ ಸೂಜಿ ತಾಗದಂತೆ ಇರುವ ಗಾರ್ಡ್ ನಾನೇ ಬಿಚ್ಚಿದ್ದೆ, ತಪ್ಪು ನನ್ನದು’ ಅಂತ ಬಾಯಿ ಮುಚ್ಚಿಕೊಳ್ಳುವವರೇ ಜಾಸ್ತಿ. ಟಾರ್ಗೆಟ್ ಮುಟ್ಟಲು ಎಲ್ಲರೂ ಬಿಚ್ಚುತ್ತಾರೆ, ನಾನೂ ಬಿಚ್ಚಿದ್ದೆ. ಕಂಪನಿ ಕೆಲಸಕ್ಕಾಗಿಯೇ ಹೊಲಿಯುತ್ತಿದ್ದರೆ ಅದೂ ಕೆಲಸದ ಗಾಯವೇ.

ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಡಾಕ್ಟರ್ ಏನಾಯಿತು ಎಂದು ಕೇಳಿದರೆ ‘ಕಂಪನಿಯಲ್ಲಿ ಮಷೀನ್ ಸೂಜಿ ಹೊಕ್ಕಿತು’ ಎಂದೇ ಹೇಳಿ. ‘ಮನೆಯಲ್ಲಿ ಆಯಿತು ಅನ್ನು’ ಎಂದು ಕಂಪನಿಯವರು ಹೇಳಿಕೊಟ್ಟಿದ್ದರೂ ಸರಿ. 48 ಗಂಟೆ ಕೆಲಸ ಮಾಡಲಾಗದಂಥ ಗಾಯವಾದರೆ ಅವರು ಕಾರ್ಖಾನೆ ಇಲಾಖೆಗೂ ತಿಳಿಸಬೇಕಾಗುತ್ತದೆ. ಅದಕ್ಕೇ ಈ ಪಾಠ.

ಫಿಟ್ನೆಸ್ ಸರ್ಟಿಫಿಕೇಟ್ ಕೈಗೆ ಬರುವವರೆಗೆ ಮಷೀನ್ ಮುಂದೆ ಕೂರಬೇಡಿ. ಗಾಯ ಮಾಗಿದ ಮೇಲೂ ಬೆರಳು ಪೂರ್ತಿ ಮಡಚಲು ಬಾರದಿದ್ದರೆ, ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ, ಊನ ಎಷ್ಟೆಂದು ನೋಡುವ ಮೆಡಿಕಲ್ ಬೋರ್ಡಿಗೆ ಕಳಿಸಿ ಎಂದು ಬರೆದುಕೊಡಿ.