ರಿಯಾಕ್ಟ್ ಆ್ಯಪ್‌ಗೆ ಕ್ವೆರಿ ಕ್ಲೈಂಟ್: ಒಂದೇ ಮಾಡಿ, ಹೊರಗೆ ಮಾಡಿ

ರಿಯಾಕ್ಟ್ (ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸಿ ಅಡಿಕೆ ಧಾರಣೆ ತೋರಿಸುವ ಪುಟ ಮಾಡುತ್ತಿದ್ದೀರಿ ಅಂದುಕೊಳ್ಳಿ. ಶಿರಸಿಯ ದರ ನೋಡಿ, ಸಾಗರದ್ದು ನೋಡಿ, ತಿರುಗಿ ಶಿರಸಿಗೆ ಬಂದರೆ ಮತ್ತೆ ಸರ್ವರ್‌ಗೆ ಹೋಗಬೇಕಾ? ಬೇಡ. ತಂದ ಡೇಟಾವನ್ನು ಇಟ್ಟುಕೊಳ್ಳೋಕೆ ಟ್ಯಾನ್‌ಸ್ಟಾಕ್ ಕ್ವೆರಿ ಅನ್ನುವ ಲೈಬ್ರರಿ ಇದೆ. ಮೊದಲು ಇದರ ಹೆಸರು ರಿಯಾಕ್ಟ್ ಕ್ವೆರಿ. ನಾನು ಹೇಳುತ್ತಿರುವುದು 5ನೇ ಆವೃತ್ತಿಯದ್ದು. ಅದಕ್ಕೆ ರಿಯಾಕ್ಟ್ 18 ಅಥವಾ ಅದಕ್ಕಿಂತ ಹೊಸದು ಬೇಕು.

ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ಇದರ ಪ್ಯಾಕೇಜ್ ಹಾಕಿಕೊಳ್ಳಿ. ಆ್ಯಪ್ ಶುರುವಾಗುವ ಫೈಲ್‌ನಲ್ಲಿ ತಂದ ಡೇಟಾವನ್ನು ನೋಡಿಕೊಳ್ಳುವ ಕ್ವೆರಿಕ್ಲೈಂಟ್ ಒಂದನ್ನು ಮಾಡಿ. ಇಡೀ ಆ್ಯಪನ್ನು ಕ್ವೆರಿಕ್ಲೈಂಟ್‌ಪ್ರೊವೈಡರ್ ಒಳಗಿಟ್ಟು, ಈ ಕ್ಲೈಂಟನ್ನು ಅದಕ್ಕೆ ಕೊಡಿ.

ಇಲ್ಲೇ ನಾನು ಎಡವಿದ್ದು. ಕ್ಲೈಂಟನ್ನು ಆ್ಯಪ್ ಕಾಂಪೊನೆಂಟ್ (ಪರದೆ ಮೇಲೆ ಏನು ಕಾಣಬೇಕು ಅಂತ ಹೇಳುವ ಫಂಕ್ಷನ್) ಒಳಗೇ ಮಾಡಿಬಿಟ್ಟಿದ್ದೆ. ಟ್ಯಾಬ್ ಬದಲಿಸಿದಾಗೆಲ್ಲ ಆ್ಯಪ್ ರೀರೆಂಡರ್ ಆಗುತ್ತಿತ್ತು, ಅಂದರೆ ಆ ಫಂಕ್ಷನ್ ಮತ್ತೆ ಓಡುತ್ತಿತ್ತು, ಜೊತೆಗೆ ಹೊಸ ಕ್ಲೈಂಟ್, ಖಾಲಿ ಕ್ಯಾಶ್ (ತಂದ ಡೇಟಾ ಇಡುವ ಜಾಗ). ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದರೆ ಒಂದೇ ರಿಕ್ವೆಸ್ಟ್ ಸಾಲಾಗಿ ಏಳು ಸಲ! ಆ ಒಂದು ಸಾಲನ್ನು ಫಂಕ್ಷನ್‌ನ ಮೇಲಕ್ಕೆ, ಹೊರಗಡೆ ಸರಿಸಿದೆ, ಸರಿಹೋಯಿತು. ಸರ್ವರ್‌ನಲ್ಲೇ ರೆಂಡರ್ ಆಗುವ ಆ್ಯಪ್‌ನಲ್ಲಿ ಮಾತ್ರ ಹೀಗೆ ಮಾಡಬೇಡಿ, ಒಬ್ಬರ ಡೇಟಾ ಇನ್ನೊಬ್ಬರಿಗೆ ಕಾಣಬಹುದು. ಅಲ್ಲಿ ಕಾಂಪೊನೆಂಟ್‌ನಲ್ಲೇ ಯೂಸ್‌ಸ್ಟೇಟ್ (ರೀರೆಂಡರ್ ಆದರೂ ಇಟ್ಟದ್ದನ್ನು ಉಳಿಸುವ ರಿಯಾಕ್ಟ್ ಸೌಲಭ್ಯ) ಒಳಗೆ ಮಾಡಿ.

ಕ್ಲೈಂಟ್ ಮಾಡುವಾಗಲೇ ಸ್ಟೇಲ್‌ಟೈಮ್ (ಡೇಟಾ ಎಷ್ಟು ಹೊತ್ತು ಹೊಸದು ಅನ್ನುವ ಲೆಕ್ಕ) ಕೊಡಿ. ಏನೂ ಕೊಡದಿದ್ದರೆ ಅದು 0, ಅಂದರೆ ಡೇಟಾ ಬಂದ ಕ್ಷಣವೇ ಹಳತು. ಆಗ ಬ್ರೌಸರ್‌ನಲ್ಲಿ ಬೇರೆ ಟ್ಯಾಬ್‌ಗೆ ಹೋಗಿ ಬಂದರೂ ಸಾಕು, ಮತ್ತೆ ತರುತ್ತದೆ. ಧಾರಣೆ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ, ಅಲ್ವಾ? 5 ನಿಮಿಷ ಇಡಿ. ಲೆಕ್ಕ ಮಿಲಿಸೆಕೆಂಡ್‌ನಲ್ಲಿ, ಹಾಗಾಗಿ 3,00,000. ಜಿಸಿಟೈಮ್ ಬೇರೆ: ಯಾರೂ ಬಳಸದ ಡೇಟಾ ಎಷ್ಟು ಹೊತ್ತಿಗೆ ಅಳಿಯಬೇಕು ಅನ್ನುವುದು. ಅದು ತಾನಾಗೇ 5 ನಿಮಿಷ ಇರುತ್ತದೆ, ಸುಮ್ನೆ ಬಿಡಿ.

ಇನ್ನು ದರ ತೋರಿಸುವ ಕಾಂಪೊನೆಂಟ್‌ನಲ್ಲಿ ಯೂಸ್‌ಕ್ವೆರಿ ಕರೆಯಿರಿ. ಅದಕ್ಕೆ ಎರಡು ಬೇಕು: ಕ್ವೆರಿಕೀ (ಕ್ಯಾಶ್‌ನಲ್ಲಿ ಡೇಟಾವನ್ನು ಗುರುತಿಸುವ ಹೆಸರು), ಕ್ವೆರಿಫಂಕ್ಷನ್ (ಡೇಟಾ ತರುವ ಫಂಕ್ಷನ್). ಕೀ ಒಳಗೆ ‘ಧಾರಣೆ’ ಅಂತಷ್ಟೇ ಬರೆದರೆ ಸಾಗರ ಒತ್ತಿದರೂ ಶಿರಸಿಯ ದರವೇ ಕಾಣುತ್ತದೆ. ರೈತರು ಅದನ್ನೇ ನಂಬಿ ಮಾಲು ಹೊರಡಿಸಿದರೆ? ಊರಿನ ಹೆಸರೂ ಕೀ ಒಳಗೆ ಇರಲೇಬೇಕು.

ಕ್ವೆರಿಫಂಕ್ಷನ್‌ನಲ್ಲಿ ಫೆಚ್ (ಸರ್ವರ್‌ನಿಂದ ಡೇಟಾ ತರುವ ಬ್ರೌಸರ್‌ನದೇ ಫಂಕ್ಷನ್) ಬಳಸಿದರೆ ಒಂದು ಎಚ್ಚರ. ಸರ್ವರ್ 404 (ಕೇಳಿದ್ದು ಸಿಗಲಿಲ್ಲ) ಅಥವಾ 500 (ಸರ್ವರ್‌ನಲ್ಲೇ ತೊಂದರೆ) ಅಂದರೂ ಫೆಚ್ ಅದನ್ನು ತಪ್ಪು ಅಂತ ಎಣಿಸುವುದಿಲ್ಲ. ರೆಸ್ಪಾನ್ಸ್‌ನ ಓಕೆ ಟ್ರೂ ಇದೆಯಾ ನೋಡಿ, ಫಾಲ್ಸ್ ಇದ್ದರೆ ನೀವೇ ಎರರ್ ಎಸೆಯಿರಿ. ಆಗ ಕ್ಲೈಂಟ್ 1, 2, 4 ಸೆಕೆಂಡ್ ಬಿಟ್ಟು ಇನ್ನೂ ಮೂರು ಸಲ ಪ್ರಯತ್ನಿಸಿ, ಆಮೇಲೆ ಎರರ್ ತೋರಿಸುತ್ತದೆ. ಅಷ್ಟು ಹೊತ್ತು ಪರದೆ ಖಾಲಿ ಇರದಂತೆ ‘ದರ ಬರುತ್ತಿದೆ’ ಅಂತ ಒಂದು ಸಾಲು ಹಾಕಿಡಿ.